ಚಿಕ್ಕಪ್ಪನ ಎಡೆಬಿಡದ ವ್ಯಾಪಾರ

ನಮ್ಮ ಚಿಕ್ಕಪ್ಪನ ಗಿರಾಕಿಗಳಲ್ಲಿ ಒಬ್ಬರನ್ನು ಬಿಟ್ಟರೆ ಮಿಕ್ಕವರ್ಯಾರೂ ಬದುಕಿಲ್ಲ. ಗಾಬರಿಯಾಗಬೇಡಿ. ಅವರ್ಯಾರೂ ಚಿಕ್ಕಪ್ಪನ ವ್ಯಾಪಾರದಿಂದ ಸತ್ತವರಲ್ಲ, ಸತ್ತ ಮೇಲೆ ಗಿರಾಕಿಗಳಾದವರು. ಬದುಕಿರುವ ಆ ಒಬ್ಬರ ವಿಷಯ ಆಮೇಲೆ ಹೇಳುತ್ತೇನೆ. ಅವರು ಬದುಕಿದ್ದಾರೆ ಅಂತ ನಮಗೆ ಖಾತ್ರಿಯಾಗುವುದಕ್ಕೇ ಸ್ವಲ್ಪ ಕಾಲ ಹಿಡಿಯಿತು.

ಚಿಕ್ಕಪ್ಪ ಅಂದರೆ ನಮ್ಮಪ್ಪನ ಕೊನೇ ತಮ್ಮ. ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದು ರಿಟೈರಾದವನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಮ್ಮ ದುರ್ಗ, ಎಲ್ಲ ಕಡೆ ಮನೆಮನೆಗೂ ನುಗ್ಗಿ ಬಂದಿದ್ದಾನೆ. ಹಾಗಂತ ಒಬ್ಬರ ಹೆಸರೂ ಅವನಿಗೆ ಗೊತ್ತಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಮೇಲಿನ ಗೋಡೆ ನೋಡಿ, ಆಮೇಲೆ ಮನುಷ್ಯರನ್ನು ನೋಡುತ್ತಾನೆ. ಮದುವೆ ಮನೆಯಲ್ಲಿ ಹಳೇ ಪರಿಚಯದವರು ಸಿಕ್ಕರೆ “ನೀವು ಮೀಟರ್ ಮೇಲೆ ಕ್ಯಾಲೆಂಡರ್ ನೇತಾಕಿದ್ದೋರಲ್ವಾ?” ಅಂತ ಕೇಳುತ್ತಾನೆ. 

ಇನ್ನು ನಾನು. ದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಚಿಕ್ಕ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ ತೆಗೆದುಕೊಡುವುದು, ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು, ಸರ್ವರ್ ಬಂದಿಲ್ಲ ಅಂತ ಹೇಳಿ ಬೈಸಿಕೊಳ್ಳುವುದು ನನ್ನ ಕೆಲಸ. ಆದರೆ ನಮ್ಮ ನೆಂಟರ ಪ್ರಕಾರ ಇಡೀ ಇಂಟರ್‌ನೆಟ್ಟಿಗೆ ಯಜಮಾನಿ ನಾನೇ. ಅದಕ್ಕೇ ಈ ಕಥೆಯಲ್ಲಿ ನಾನು ಸಿಕ್ಕಿಹಾಕಿಕೊಂಡದ್ದು.

ಶುರುವಾದದ್ದು ಹೀಗೆ. ಚಿಕ್ಕಮ್ಮ ತೀರಿಕೊಂಡು ವರ್ಷ ತುಂಬಿತ್ತು. ಆ ಸಲದ ಹಿರಿಯರ ಹಬ್ಬದಲ್ಲಿ, ಅಂದರೆ ಮಹಾಲಯ ಅಮಾವಾಸ್ಯೆಯಲ್ಲಿ, ಅವಳಿಗೆ ಮೊದಲನೇ ಸಲ ಎಡೆ ಇಡಬೇಕು. ಎಡೆ ಅಂದರೆ ಗೊತ್ತಲ್ಲ, ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಿಡುವುದು. ಎರಡು ತಿಂಗಳು ಮುಂಚೆಯೇ ಚಿಕ್ಕಪ್ಪ ಹೊಳಲ್ಕೆರೆಯ ತನ್ನ ಮನೆಯಲ್ಲಿ ಪೆನ್ನು ಹಿಡಿದು ಸಾಮಾನಿನ ಪಟ್ಟಿ ಬರೆಯಲು ಕೂತ. ನಾನು ಹೋದಾಗ ಹಾಳೆಯ ಮೇಲೆ ‘ಬಾಳೆ ಎಲೆ’ ಅಂತ ಒಂದೇ ಸಾಲು ಇತ್ತು.

“ಲೇ, ನಿಮ್ಮ ಚಿಕ್ಕಮ್ಮಂಗೆ ಏನು ಇಷ್ಟ ಇತ್ತೇ?” ಅಂದ.

“ನನ್ನ ಕೇಳ್ತೀಯಲ್ಲ ಚಿಕ್ಕಪ್ಪ, ಮೂವತ್ತೈದು ವರ್ಷ ಸಂಸಾರ ಮಾಡಿದೋನು ನೀನು.”

“ಸಂಸಾರ ಮಾಡ್ದೆ ಕಣವ್ವ. ರೀಡಿಂಗ್ ತಗಳ್ಲಿಲ್ಲ.”

ನಾನು ನಗಬೇಕೆಂದುಕೊಂಡೆ. ಅವನ ಮುಖ ನೋಡಿ ನಗು ನುಂಗಿಕೊಂಡೆ. ಯಾಕೆಂದರೆ ನನಗೂ ಗೊತ್ತಿರಲಿಲ್ಲ. ಅವಳ ಕೈಯ ಊಟ ಉಂಡು ಬೆಳೆದವಳು ನಾನು, ಅವಳು ಏನನ್ನು ಆಸೆಪಟ್ಟು ತಿನ್ನುತ್ತಿದ್ದಳು ಅಂತ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಚಿಕ್ಕಪ್ಪ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. “ಇಷ್ಟ ಇಲ್ಲದ್ದು ಇಟ್ರೆ ಎಲೆ ಮುಟ್ಟದೇ ಹೋಗ್ತಾರಂತೆ” ಅಂತ ತನಗೆ ತಾನೇ ಹೇಳಿಕೊಂಡ.

ಅದೇ ವಾರ ಪುಣೆಯಿಂದ ಅವನಿಗೊಂದು ಫೋನ್ ಬಂತು. ಅಲ್ಲಿ ಟೈರ್ ಅಂಗಡಿ ಇಟ್ಟಿರುವ ಹುಡುಗ, ಚಿಕ್ಕಪ್ಪನ ಜೊತೆ ಕೆಲಸ ಮಾಡಿದ್ದ ಲೈನ್‌ಮನ್ ಒಬ್ಬರ ಮಗ. “ಅಂಕಲ್, ಈ ಸಲ ಊರಿಗೆ ಬರೋಕಾಗಲ್ಲ. ಅಪ್ಪಂಗೆ ನೀವೇ ಒಂದು ಎಡೆ ಇಟ್ಟು ವಿಡಿಯೋ ಕಳಿಸ್ತೀರಾ?” ಅಂದನಂತೆ. ಫೋನ್ ಇಟ್ಟವನೇ ಚಿಕ್ಕಪ್ಪ ಬಸ್ ಹತ್ತಿ ನನ್ನ ಸೆಂಟರಿಗೆ ಬಂದ. ಹಬ್ಬಕ್ಕೆ ಊರಿಗೆ ಬರಲಾಗದವರು ಎಷ್ಟು ಜನ ಇಲ್ಲ? ಅವರೆಲ್ಲರ ಹಿರಿಯರಿಗೆ ನಾವೇ ಎಡೆ ಇಟ್ಟು ವಿಡಿಯೋ ಕಳಿಸಿದರೆ? ಹೆಸರು ಕೂಡ ಬಸ್ಸಿನಲ್ಲೇ ಯೋಚಿಸಿ ಆಗಿತ್ತು: ‘ಎಡೆಬಿಡದೆ’. ಒಂದು ವರ್ಷವೂ ಎಡೆ ಬಿಡದೆ ಇಡುವ ಸೇವೆ ಅಂತ ಅರ್ಥ. ಮಹಾಲಯ ಅಮಾವಾಸ್ಯೆಯ ದಿನವೇ ಶುರು, ಮೊದಲನೇ ಎಲೆ ಚಿಕ್ಕಮ್ಮನದು.

ತಪ್ಪು ಮಾಡಿದವಳು ನಾನು. “ಚಿಕ್ಕಪ್ಪ, ಆನ್‌ಲೈನ್ ಬಿಸಿನೆಸ್ ಅಂದ್ರೆ ಹಂಗೆ ದಿಢೀರಂತ ಶುರು ಮಾಡಂಗಿಲ್ಲ. ಮೊದ್ಲು ಸರ್ವೆ ಮಾಡ್ಬೇಕು. ಗಿರಾಕಿ ಯಾರು, ಅವರಿಗೇನು ಬೇಕು, ಎದುರಾಳಿ ಯಾರು, ಎಲ್ಲ ತಿಳ್ಕಂಡು ಆಮೇಲೆ ಇಳೀಬೇಕು” ಅಂದುಬಿಟ್ಟೆ. ಸರ್ವರ್ ಇಲ್ಲದಾಗ ಮೊಬೈಲಿನಲ್ಲಿ ಬಿಸಿನೆಸ್ ಭಾಷಣ ಕೇಳಿದ್ದರ ಫಲ.

“ಗಿರಾಕಿ ಯಾರು ಅಂತೀಯ ಹಂಗಾದ್ರೆ?”

“ದುಡ್ಡು ಕೊಡೋರು.”

“ಅಲ್ಲ ಕಣವ್ವ. ಬಿಲ್ ಕಟ್ಟೋನು ಬೇರೆ, ಕರೆಂಟ್ ಉರಿಸೋನು ಬೇರೆ. ನಾವು ಕೇಳಬೇಕಾದ್ದು ಉರಿಸೋರ್ನ. ಉಣ್ಣೋರ್ನ.”

“ಅವರು ಸತ್ತಿದಾರೆ ಚಿಕ್ಕಪ್ಪ.”

“ಅದೊಂದು ಕಷ್ಟ ಐತೆ” ಅಂತ ಒಪ್ಪಿಕೊಂಡ. “ಆದ್ರೆ ಮನೇಲಿ ಯಾರೂ ಇಲ್ದಾಗ್ಲೂ ರೀಡಿಂಗ್ ತಗಂಡಿರೋನು ನಾನು.”

ಅವತ್ತು ಹಿರಿಯೂರಿನ ಒಂದು ಬೀಗ ಹಾಕಿದ ಮನೆಯ ಕಥೆ ಹೇಳಿದ. ಗಂಡ ಹೆಂಡತಿ ಇಬ್ಬರೂ ತೀರಿಕೊಂಡು, ಮಕ್ಕಳು ಇಲ್ಲದೆ, ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆಯಂತೆ ಅದು. ಮೀಟರ್ ಹೊರಗಿನ ಗೋಡೆಯ ಮೇಲೆ ಇದ್ದದ್ದರಿಂದ ತಿಂಗಳು ತಿಂಗಳೂ ರೀಡಿಂಗ್ ತೆಗೆಯುತ್ತಿದ್ದನಂತೆ. ಹನ್ನೊಂದು ತಿಂಗಳು ಸೊನ್ನೆ. ಹಿರಿಯರ ಹಬ್ಬದ ತಿಂಗಳು ಮಾತ್ರ ಒಂದು ಯೂನಿಟ್. ಮುಂದಿನ ವರ್ಷವೂ ಹಾಗೇ. ಅದರ ಮುಂದಿನ ವರ್ಷವೂ ಹಾಗೇ. ಒಂದು ಯೂನಿಟ್ ಅಂದರೆ ಅಡುಗೆಮನೆಯ ಒಂದು ಬಲ್ಬು ಒಂದು ರಾತ್ರಿ ಉರಿದಷ್ಟು.

“ಮೀಟರ್ ಕೆಟ್ಟಿರಬೇಕು” ಅಂದೆ. ಅಂದವಳೇ ಎದ್ದು ಸೆಂಟರಿನ ಫ್ಯಾನು ಆರಿಸಿದೆ.

“ನಾನೇ ಬದಲಾಯಿಸ್ದೆ. ಹೊಸ ಮೀಟರೂ ಅದನ್ನೇ ಹೇಳ್ತು. ಲೈಟ್ ಹಾಕಿ ನೋಡ್ತಾರೆ ಕಣವ್ವ, ಯಾರಾದ್ರೂ ಏನಾದ್ರೂ ಇಟ್ಟಿದಾರಾ ಅಂತ. ಡಿಮ್ಯಾಂಡ್ ಐತೆ” ಅಂದ ಚಿಕ್ಕಪ್ಪ. ಆ ಕೊನೆಯ ಮಾತು ಕೇಳಿ ನಾನು ಅಳಬೇಕೋ ನಗಬೇಕೋ?

ಸರ್ವೆಯ ಮೊದಲ ಹಂತ ಎದುರಾಳಿಗಳು. ಚಿಕ್ಕಪ್ಪನ ಪ್ರಕಾರ ಎದುರಾಳಿ ಅಂದರೆ ಕಾಗೆ. ಎಡೆಯಲ್ಲಿ ಕಾಗೆಗೂ ಒಂದು ಪಾಲು ಇಡುತ್ತೇವಲ್ಲ, ಅದು ಮುಟ್ಟಿದರೆ ಹಿರಿಯರಿಗೆ ಮುಟ್ಟಿದಂತೆ. ಹಾಗಾದರೆ ಕಾಗೆ ಎದುರಾಳಿಯೋ ಅಥವಾ ಡೆಲಿವರಿಯವನೋ? ಇದನ್ನು ತೀರ್ಮಾನಿಸಲು ಅವನು ಹೊಳಲ್ಕೆರೆಯ ಸ್ಮಶಾನದ ಕಾಂಪೌಂಡಿನ ಮೇಲೆ ಮೂರು ದಿನ ಬೆಳಗ್ಗೆ ನೋಟ್‌ಬುಕ್ ಹಿಡಿದು ಕೂತ. ಮೊದಲ ಎರಡು ದಿನ ಕಾಗೆಗಳು ಎಂದಿನಂತೆ ಕಚ್ಚಾಡಿದವಂತೆ. ಮೂರನೇ ದಿನ ಒಂದೂ ಕೂಗಲಿಲ್ಲ. ಸಾಲಾಗಿ ಎದುರುಗಡೆ ಗೋಡೆಯ ಮೇಲೆ ಕೂತು, ಅವನನ್ನೇ ನೋಡಲು ಶುರು ಮಾಡಿದವು.

“ಎಷ್ಟು ಹೊತ್ತು?” ಅಂದೆ.

“ನಾನು ಎದ್ದು ಬರೋವರ್ಗೂ.”

“ಅವೂ ಸರ್ವೆ ಮಾಡ್ತಿದ್ದವೇನೋ. ಮುಂದಿನ ಗಿರಾಕಿ ಯಾರು ಅಂತ.”

ಚಿಕ್ಕಪ್ಪ ನಗಲಿಲ್ಲ. ಮಾರನೇ ದಿನದಿಂದ ಸ್ಮಶಾನದ ಕಡೆ ಹೋಗುವುದನ್ನೂ ಬಿಟ್ಟ.

ಎರಡನೇ ಹಂತ ಮನೆಮನೆ ಸರ್ವೆ. ಹಳೇ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು, ಅಂಚಿಗೆ ಗೆರೆ ಹೊಡೆದ ಉದ್ದನೆ ನೋಟ್‌ಬುಕ್ ಹಿಡಿದು ಹೊರಟ. ಹೊಸದುರ್ಗಕ್ಕೆ ಒಂದು ಭಾನುವಾರ ನನ್ನನ್ನೂ “ಬಾ, ಹೋಗಾಣ” ಅಂತ ಎಳೆದುಕೊಂಡು ಹೋದ. ಅಲ್ಲಿ ನೋಡಿದೆ ಅವನ ವರಸೆ. ಬಾಗಿಲು ತಟ್ಟುವುದು, ಬಾಗಿಲ ಮೇಲೆ ನೋಡುವುದು, ಆಮೇಲೆ ಅದೇ ಹಳೇ ಮೀಟರ್ ರೀಡರ್ ದನಿಯಲ್ಲಿ, “ನಿಮ್ಮನೇಲಿ ತೀರ್ಕಂಡೋರು ಎಷ್ಟು ಜನ?” ಅಂತ ಕೇಳುವುದು. ಕೆಲವರು ಜನಗಣತಿಯವರು ಅಂದುಕೊಂಡರು. ಒಬ್ಬ ಹೆಂಗಸು ದಡಾರಂತ ಬಾಗಿಲು ಹಾಕಿಕೊಂಡಳು. ಇನ್ನೊಂದು ಮನೆಯ ಯಜಮಾನ ಒಳಗೆ ತಿರುಗಿ ನೋಡಿ, ತಣ್ಣಗೆ, “ಸದ್ಯಕ್ಕೆ ಯಾರೂ ಇಲ್ಲ, ಮುಂದಿನ ತಿಂಗ್ಳು ಬರ್ರಿ” ಅಂದ. ಒಳಗೆ ಮಂಚದ ಮೇಲೆ ಮಲಗಿದ್ದ ಅಜ್ಜಿಯೊಬ್ಬರು ನಮ್ಮನ್ನೇ ನೋಡುತ್ತಿದ್ದರು. ನಾನು ಚಿಕ್ಕಪ್ಪನ ಚೀಲ ಹಿಡಿದೆಳೆದುಕೊಂಡು ಬಂದೆ.

ಆದರೆ ಬಹಳ ಜನ “ಬರ್ರಿ, ಕುಂತ್ಕಳ್ರಿ” ಅಂತ ಕೂರಿಸಿ, ಕಾಫಿ ಕೊಟ್ಟು ಮಾತಾಡಿದರು. ಹೋದವರ ಬಗ್ಗೆ ಯಾರಾದರೂ ಕೇಳಲಿ ಅಂತ ಕಾದು ಕೂತವರ ಹಾಗೆ ಮಾತಾಡಿದರು. ಅಪ್ಪನಿಗೆ ಬೋಟಿ ಗೊಜ್ಜು, ಅದೂ ಮಾರನೇ ದಿನದ್ದೇ ಆಗಬೇಕು. ತಾತನಿಗೆ ಮುದ್ದೆ ಜೊತೆ ಹುರುಳಿ ಬಸ್ಸಾರು, ಮೇಲೆ ಹಸಿ ಈರುಳ್ಳಿ, ಆಮೇಲೆ ಎರಡು ಬೀಡಿ. ದೊಡ್ಡಪ್ಪನಿಗೆ ಕಾಫಿಗೆ ಬೆಲ್ಲವೇ ಆಗಬೇಕು, ಸಕ್ಕರೆ ಹಾಕಿದರೆ ಲೋಟ ಎಸೆಯುತ್ತಿದ್ದರು. ಚಿಕ್ಕಪ್ಪನ ಪೆನ್ನು ಓಡಿದ್ದೇ ಓಡಿದ್ದು.

“ನಿಮ್ಮ ತಾಯಿಯವರಿಗೆ?” ಅಂತ ಕೇಳಿದ ತಕ್ಷಣ ಪೆನ್ನು ನಿಲ್ಲುತ್ತಿತ್ತು.

“ಅವ್ವಂಗಾ? ಅವ್ವಂಗೆ ಹಂಗೇನಿರ್ಲಿಲ್ಲಪ್ಪ.” “ಎಲ್ಲಾ ತಿಂತಿದ್ಲು.” “ಕೊಟ್ಟಿದ್ದು ತಿಂತಿದ್ರು, ಪಾಪ.” ಒಬ್ಬ ಮಗ ಬಹಳ ಹೊತ್ತು ಯೋಚಿಸಿ, “ಮಿಕ್ಕಿದ್ದು” ಅಂದ. ಅಂದವನೇ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿ ಎದ್ದು ಒಳಗೆ ಹೋದ.

ಬೀಗ ಹಾಕಿದ ಮನೆ ಸಿಕ್ಕರೆ ಮೀಟರ್ ರೀಡರುಗಳು ‘ಡೋರ್ ಲಾಕ್’ ಅಂತ ಬರೆದು, ಸರಾಸರಿ ಲೆಕ್ಕದಲ್ಲಿ ಒಂದು ಬಿಲ್ ಕೊಟ್ಟು ಹೋಗುತ್ತಾರೆ. ಚಿಕ್ಕಪ್ಪ ಇಲ್ಲೂ ಅದನ್ನೇ ಮಾಡಿದ್ದ. ಏನು ಇಷ್ಟ ಅಂತ ಗೊತ್ತಿಲ್ಲದ ಹೆಸರಿನ ಮುಂದೆ ‘ಡೋ.ಲಾ.’, ಪಕ್ಕದಲ್ಲಿ ಸರಾಸರಿ: ‘ಹೋಳಿಗೆ’. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಆ ನೋಟ್‌ಬುಕ್ ತಿರುವಿ ಹಾಕಿದೆ. ಗಂಗಮ್ಮ, ಡೋ.ಲಾ. ಹನುಮಕ್ಕ, ಡೋ.ಲಾ. ತಿಪ್ಪಮ್ಮ, ಡೋ.ಲಾ. ಪುಟದ ಮೇಲೆ ಪುಟ. ಗಂಡಸರ ಹೆಸರಿನ ಮುಂದೆ ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದಾನೆ, ಹೆಂಗಸರೆಲ್ಲ ಬೀಗ ಹಾಕಿಕೊಂಡು ಹೋಗಿದ್ದಾರೆ. ಓದುತ್ತಾ ಓದುತ್ತಾ ನನಗೆ ಒಂಥರಾ ಭಯವಾಯಿತು.

ಭಯಕ್ಕೆ ಅಲ್ಲಿಂದಲೇ ನಮ್ಮಮ್ಮನಿಗೆ ಫೋನ್ ಮಾಡಿ, “ಅಮ್ಮ, ನಿಂಗೆ ಏನಮ್ಮಾ ಇಷ್ಟ ತಿನ್ನಾಕೆ?” ಅಂತ ಕೇಳಿದೆ. “ಯಾಕೆ, ಡಾಕ್ಟರ್ ಏನಾದ್ರೂ ಹೇಳಿದ್ರಾ?” ಅಂದಳು. ಎಷ್ಟು ಕೇಳಿದರೂ ಉತ್ತರ ಮಾತ್ರ ಬರಲಿಲ್ಲ.

ಈ ನಡುವೆ ನಾನು ಒಂದು ಆನ್‌ಲೈನ್ ಫಾರಂ ಕೂಡ ಮಾಡಿ ವಾಟ್ಸಪ್ಪಿನಲ್ಲಿ ಹರಿಬಿಟ್ಟಿದ್ದೆ. ಮೃತರ ಹೆಸರು, ಊರು, ಮರಣದ ದಿನಾಂಕ, ಇಷ್ಟವಾದ ಊಟ, ತುಂಬುವವರಿಗೂ ಮೃತರಿಗೂ ಇರುವ ಸಂಬಂಧ. ನಾಲ್ಕು ದಿನ ಯಾರೂ ತುಂಬಲಿಲ್ಲ. ಐದನೇ ದಿನ ಐಮಂಗಲದಿಂದ ಒಂದು ಬಂತು. ಹೆಸರು, ಊರು ಸರಿಯಾಗಿತ್ತು. ಊಟ: ಅವರೆಕಾಳು ಉಪ್ಪಿಟ್ಟು, ಬಿಸಿ ಇರಲಿ. ಸಂಬಂಧ ಅನ್ನುವ ಕಡೆ ಬರೆದಿತ್ತು: ‘ನಾನೇ’.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮರಣದ ದಿನಾಂಕ ನೋಡಿದರೆ ಅದು ಇನ್ನೂ ಬಂದೇ ಇರಲಿಲ್ಲ, ಮುಂದಿನ ತಿಂಗಳದ್ದು. ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಅವನಿಗೆ ಎಲ್ಲಿಲ್ಲದ ಖುಷಿ. “ನೋಡ್ದಾ? ನಾನು ಹೇಳ್ಲಿಲ್ವಾ, ಉಣ್ಣೋರ್ನೇ ಕೇಳ್ಬೇಕು ಅಂತ. ನಡಿ, ಹೋಗಾಣ.”

ಹೈವೇ ಬಸ್ಸಿಳಿದು ಐಮಂಗಲದಲ್ಲಿ ಮನೆ ಹುಡುಕಿದೆವು. ಜಗುಲಿಯ ಮೇಲೆ ಒಬ್ಬರು ಅಜ್ಜ ಕಾಲು ಚಾಚಿಕೊಂಡು ಕೂತಿದ್ದರು. ಫಾರಮ್ಮಿನಲ್ಲಿದ್ದ ಹೆಸರು ಹೇಳಿದೆ. “ನಾನೇ” ಅಂದರು. ಅದೇ ಎರಡು ಅಕ್ಷರ.

“ಅಜ್ಜಾ, ನೀವು ಇನ್ನೂ ಇದೀರಲ್ಲ?” ಅಂದೆ. ಬೇರೆ ಹೇಗೆ ಕೇಳಬೇಕಿತ್ತು, ನೀವೇ ಹೇಳಿ.

“ಸತ್ ಮೇಲೆ ನಾನು ತುಂಬಾಕಾಗ್ತೈತೇನವ್ವ? ನಮ್ಮ ಹುಡುಗ್ರಿಗೆ ಏನೂ ಗೊತ್ತಿಲ್ಲ. ಹೋಳಿಗೆ ಇಟ್ಟು ಕೈ ತೊಳ್ಕಂತಾರೆ. ನಂಗೆ ಹೋಳಿಗೆ ಕಂಡ್ರೆ ಆಗಲ್ಲ. ಅದಕ್ಕೇ ಮೊಮ್ಮಗಳ ಮೊಬೈಲಲ್ಲಿ ತುಂಬ್ಸಿದೆ.”

“ಮತ್ತೆ ದಿನಾಂಕ?”

“ಕೆಂಪು ಚುಕ್ಕಿ ಇತ್ತಲ್ಲ, ತುಂಬದೇ ಇದ್ರೆ ಮುಂದಕ್ಕೇ ಹೋಗ್ತಿರ್ಲಿಲ್ಲ. ಯಾವ್ದೋ ಒಂದು ಹಾಕು ಅಂದೆ.”

ಕಡ್ಡಾಯ ಅಂತ ಆ ಚುಕ್ಕಿ ಇಟ್ಟವಳು ನಾನೇ. ಸೆಂಟರಿನ ಅಭ್ಯಾಸ. ಚಿಕ್ಕಪ್ಪ ಅವರ ಅರ್ಜಿಯನ್ನು ಅಲ್ಲೇ ಮಂಜೂರು ಮಾಡಿದ. ಅವರೇ ಬದುಕಿರುವ ಆ ಒಬ್ಬ ಗಿರಾಕಿ.

ಆದರೆ ಆ ದಿನಾಂಕ ತಲೆಯಲ್ಲಿ ಉಳಿದುಬಿಟ್ಟಿತು ನೋಡಿ. ಆ ದಿನ ಬಂದಾಗ ನನಗೂ ಕೆಲಸ ಓಡಲಿಲ್ಲ, ಚಿಕ್ಕಪ್ಪನೂ ಬೆಳಗ್ಗೆಯೇ ಸೆಂಟರಿಗೆ ಬಂದು ಕೂತಿದ್ದ. ಕೊನೆಗೆ ಹನ್ನೊಂದು ಗಂಟೆಗೆ ಅಜ್ಜ ಕೊಟ್ಟಿದ್ದ ನಂಬರಿಗೆ ಫೋನ್ ಹಚ್ಚಿದೆವು. ತುಂಬಾ ಹೊತ್ತು ರಿಂಗಾಗಿ ಎತ್ತಿದರು.

“ಅಜ್ಜಾ, ಚೆನ್ನಾಗಿದೀರಾ?”

“ಇದೀನಿ ಅನ್ಸ್ತೈತೆ” ಅಂದರು ಅಜ್ಜ, ಸಣ್ಣ ದನಿಯಲ್ಲಿ. “ಆದ್ರೆ ಬೆಳಗ್ಗಿಂದ ನಮ್ಮನೇಲಿ ಯಾರೂ ನನ್ನ ಮಾತಾಡಿಸ್ತಿಲ್ಲ ಕಣವ್ವ. ನಾನು ಮಾತಾಡಿದ್ರೂ ಕೇಳದಂಗೆ ಓಡಾಡ್ತಾವ್ರೆ.”

ನಾನು, ಚಿಕ್ಕಪ್ಪ ಮುಖಮುಖ ನೋಡಿಕೊಂಡೆವು. ಕೊನೆಗೆ ಅವನೇ ಧೈರ್ಯ ಮಾಡಿ, “ಫೋನ್ ಸ್ವಲ್ಪ ಮೊಮ್ಮಗಳಿಗೆ ಕೊಡ್ರಿ” ಅಂದ. ಆ ಹುಡುಗಿ ಫೋನ್ ತೆಗೆದುಕೊಂಡು, ಹಿಂದಿನ ದಿನ ಅಜ್ಜ ಸೊಸೆಯ ಸಾರನ್ನು ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದರಿಂದ ಮನೆಯವರೆಲ್ಲ ಮಾತು ಬಿಟ್ಟಿದ್ದಾರೆ ಅಂತ ತಿಳಿಸಿದಳು. ಆವತ್ತು ನಾನು ಮಾಡಿದ ಮೊದಲ ಕೆಲಸ ಫಾರಮ್ಮಿನ ಆ ಕೆಂಪು ಚುಕ್ಕಿ ಅಳಿಸಿದ್ದು.

ಮೂರನೇ ಹಂತ ಟ್ರಯಲ್. ಹಬ್ಬಕ್ಕೆ ಎರಡು ವಾರ ಇರುವಾಗ, ಒಂದು ಮಧ್ಯಾಹ್ನ, ಆ ಪುಣೆ ಹುಡುಗನ ಅಪ್ಪನಿಗೆ ಹೊಳಲ್ಕೆರೆ ಮನೆಯ ನಡುಮನೆಯಲ್ಲಿ ಎಡೆ ಇಟ್ಟೆವು. ಅಕ್ಕಿ ರೊಟ್ಟಿ, ಕೋಳಿ ಸಾರು, ಎಲೆಯ ತುದಿಗೆ ಒಂದು ಬೀಡಿ. ಹುಡುಗ ಪುಣೆಯಿಂದ ಲೈವ್ ವಿಡಿಯೋದಲ್ಲಿ ನೋಡುತ್ತಿದ್ದ. ಬಡಿಸಿ, ಕೈ ಮುಗಿದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದೆವು. ನಮ್ಮ ಕಡೆ ಪದ್ಧತಿ ಅದು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಹತ್ತು ನಿಮಿಷ ಹೊರಗೆ ಕೂತು, ಆಮೇಲೆ ಬಾಗಿಲು ತಟ್ಟಿ, ಕೆಮ್ಮಿ ಒಳಗೆ ಹೋಗಬೇಕು.

ಜಗುಲಿಗೆ ಬಂದು ಕೂತ ಮೇಲೆ ನೆನಪಾಯಿತು, ಫೋನ್ ಒಳಗೇ ಇದೆ! ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಿದ್ದೆ, ಲೈವ್ ಹಾಗೇ ಓಡುತ್ತಿತ್ತು. ಮತ್ತೆ ಒಳಗೆ ಹೋಗುವ ಹಾಗಿಲ್ಲ. ಹತ್ತು ನಿಮಿಷ ಕಳೆದು, ಬಾಗಿಲು ತಟ್ಟಿ ಹೋಗಿ ಫೋನ್ ಎತ್ತಿಕೊಂಡರೆ ಪುಣೆ ಹುಡುಗ ಅಳುತ್ತಿದ್ದ.

“ಅಕ್ಕಾ, ಬೀಡಿ ಉರುಳ್ತು. ತಾನಾಗೇ ಎಡಗಡೆಗೆ ಉರುಳ್ತು. ನಮ್ಮಪ್ಪ ಎಡಚ” ಅಂದ.

ಎಲೆ ನೋಡಿದೆ. ಬೀಡಿ ಎಲೆಯಿಂದ ಕೆಳಗೆ, ಎಡಗಡೆ ಬಿದ್ದಿತ್ತು. ಕಿಟಕಿ ಹಾಕಿತ್ತು, ಫ್ಯಾನ್ ನಿಂತಿತ್ತು. ರಸ್ತೆಯಲ್ಲಿ ಲಾರಿ ಹೋದಾಗ ನೆಲ ಅದುರಿರಬಹುದು ಅಂತ ನಾನು ಹೇಳಿದೆ. ಲಾರಿ ಹೋದದ್ದು ನನಗೂ ಕೇಳಿಸಿರಲಿಲ್ಲ. ಹುಡುಗ ‘ತುಂಬಾ ಉತ್ತಮ’ ಅಂತ ಅಭಿಪ್ರಾಯ ಬರೆದು ಕಳಿಸಿದ. ಚಿಕ್ಕಪ್ಪ ಮಾತ್ರ ಆ ವಿಡಿಯೋವನ್ನು ನೋಡಲೂ ಇಲ್ಲ, ಇಟ್ಟುಕೊಳ್ಳಲು ಬಿಡಲೂ ಇಲ್ಲ. “ಉಣ್ಣೋರ ಎಲೆ ಮುಂದೆ ಕ್ಯಾಮೆರಾ ಇಡ್ಬಾರ್ದು. ಮುಚ್ಚಿದ ಬಾಗಿಲು ತೋರ್ಸಿದ್ರೆ ಸಾಕು” ಅಂದ. ಮುಚ್ಚಿದ ಬಾಗಿಲನ್ನು ಹತ್ತು ನಿಮಿಷ ಯಾರು ನೋಡುತ್ತಾರೆ ಅಂದೆ. ನೋಡೋರು ನೋಡ್ತಾರೆ ಅಂದ.

ಹೀಗೆ ಊರಿನವರ ಹಿರಿಯರ ಸರ್ವೆಯೆಲ್ಲ ಮುಗಿಯುತ್ತಾ ಬಂತು. ಚಿಕ್ಕಮ್ಮನ ಹೆಸರಿನ ಮುಂದೆ ಮಾತ್ರ ಇನ್ನೂ ಏನೂ ಬರೆದಿರಲಿಲ್ಲ. ಡೋ.ಲಾ. ಅಂತ ಬರೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ಹೊಸದುರ್ಗದಲ್ಲಿ ಕೊಟ್ಟಿರುವ ಮಗಳನ್ನು ಕೇಳಿದ. ಅವಳು, “ಅಮ್ಮ ಮಾಡೋ ಹುಳಿಸೊಪ್ಪು...” ಅಂತ ಶುರು ಮಾಡಿ, “ಅದು ನಂಗಿಷ್ಟ ಅಂತ ಮಾಡ್ತಿದ್ಲು” ಅಂತ ನಿಲ್ಲಿಸಿದಳು. ಭೀಮಸಮುದ್ರದಲ್ಲಿರುವ ಚಿಕ್ಕಮ್ಮನ ಅಕ್ಕನ ಹತ್ತಿರ ಹೋದ. ಆಕೆ ಕಣ್ಣು ಮುಚ್ಚಿ ನೆನೆಸಿಕೊಂಡು, “ಚಿಕ್ಕೋಳಿದ್ದಾಗ ಹುಣಸೆ ಚಿಗುರು ಅಂದ್ರೆ ಪ್ರಾಣ ಬಿಡ್ತಿದ್ಲು” ಅಂದರು. ಚಿಕ್ಕಪ್ಪ ಆನಂದದಿಂದ ಬರೆದುಕೊಳ್ಳುವಷ್ಟರಲ್ಲಿ, “ತಡಿಯಪ್ಪ, ಅದು ನಾನೇ ಇರ್ಬೇಕು” ಅಂದುಬಿಟ್ಟರು.

ಆಮೇಲೆ ಅವನು ಮಾಡಿದ್ದು ಕೇಳಿದರೆ ನೀವು ನಂಬುವುದಿಲ್ಲ. ನನ್ನಿಂದಲೇ ಆನ್‌ಲೈನಿನಲ್ಲಿ ಒಂದು ಅಡುಗೆಮನೆ ತಕ್ಕಡಿ ತರಿಸಿಕೊಂಡ, ಗ್ರಾಂ ತೋರಿಸುವಂಥದ್ದು. ದಿನಕ್ಕೊಂದು ತಿಂಡಿ ತಂದು, ತೂಕ ಮಾಡಿ, ಚಿಕ್ಕಮ್ಮನ ಫೋಟೋ ಮುಂದೆ ಇಟ್ಟು, ಅಡುಗೆಮನೆ ಬಾಗಿಲು ಹಾಕಿ ಹೊರಗೆ ಕೂರುತ್ತಿದ್ದ. ಒಂದು ಗಂಟೆ ಬಿಟ್ಟು ಹೋಗಿ ಮತ್ತೆ ತೂಕ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಹಿ.ರೀ., ಈ.ರೀ., ಬಳಕೆ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್.

“ಚಿತ್ರಾನ್ನ ನಾಲ್ಕು ಗ್ರಾಂ ಬಳಕೆ ಆಗೈತೆ” ಅಂತ ಒಂದು ದಿನ ಫೋನ್ ಮಾಡಿದ. ದನಿಯಲ್ಲಿ ಚಿಕ್ಕ ಮಕ್ಕಳ ಸಡಗರ.

“ಆವಿ ಆಗಿರುತ್ತೆ ಚಿಕ್ಕಪ್ಪ. ಬಿಸಿ ಅನ್ನ ಆರಿದ್ರೆ ತೂಕ ಇಳಿಯುತ್ತೆ.”

ಅವನು ತಣ್ಣಗಿನ ಪದಾರ್ಥಕ್ಕೆ ಇಳಿದ. ಬಾಳೆಹಣ್ಣು ಸೊನ್ನೆ. ಕೊಬ್ಬರಿ ಮಿಠಾಯಿ ಸೊನ್ನೆ. ಮಂಡಕ್ಕಿ ಸೊನ್ನೆ. ಮೂರು ದಿನ ಫೋನೇ ಬರಲಿಲ್ಲ. ಒಂದು ಮಧ್ಯಾಹ್ನ ಬಂತು. ಈ ಸಲ ದನಿಯಲ್ಲಿ ಸಡಗರ ಇರಲಿಲ್ಲ.

“ಲೇ, ಇವತ್ತು ಮೊಸರನ್ನ ಇಟ್ಟಿದ್ದೆ. ಜಾಸ್ತಿ ಆಗೈತೆ.”

“ಏನು ಜಾಸ್ತಿ ಆಗೈತೆ?”

“ತೂಕ. ಇಟ್ಟಿದ್ದಕ್ಕಿಂತ ಜಾಸ್ತಿ ಐತೆ. ಮೂರು ಸಲ ನೋಡ್ದೆ.” ಆಮೇಲೆ ಹೇಳಿದ, “ಅವಳು ಉಂಡಿಲ್ಲ ಕಣವ್ವ. ನಂಗೇ ಇನ್ನೊಂದು ಸೌಟು ಬಡ್ಸಿ ಹೋಗಿದಾಳೆ.”

ತಕ್ಕಡಿಯ ಬ್ಯಾಟರಿ ವೀಕ್ ಆಗಿರುತ್ತೆ, ಈ ಅಗ್ಗದ ತಕ್ಕಡಿಗಳ ಹಣೆಬರಹವೇ ಇಷ್ಟು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. “ಮತ್ತೆ ಏನ್ಮಾಡ್ದೆ?” ಅಂದೆ. “ಉಂಡೆ” ಅಂದ. ಅವತ್ತಿಗೆ ತಕ್ಕಡಿ ಅಟ್ಟ ಸೇರಿತು.

ಮಹಾಲಯ ಅಮಾವಾಸ್ಯೆ ಬಂತು. ವೆಬ್‌ಸೈಟ್ ರೆಡಿ ಇತ್ತು, ನಾನೇ ರಾತ್ರಿ ಹಗಲು ಕೂತು ಮಾಡಿದ್ದು. ‘ಶುರು’ ಅನ್ನುವ ಗುಂಡಿ ಒತ್ತಿದರೆ ಆಯಿತು. ಐದಾರು ಜನ ವಿಚಾರಿಸಿಯೂ ಇದ್ದರು. ಚಿಕ್ಕಪ್ಪ ಒತ್ತಲು ಬಿಡಲಿಲ್ಲ. “ನಮ್ಮನೇದೇ ಗೊತ್ತಾಗ್ಲಿಲ್ಲ, ಊರೋರ್ದು ಏನ್ ಮಾಡ್ತೀಯ. ಅವರೆಲ್ಲರಿಗೂ ಮುಂದಿನ ವರ್ಷ ಅಂತ ಹೇಳು” ಅಂದ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಎರಡು ತಿಂಗಳ ಓಡಾಟ ನನ್ನದೂ ಇತ್ತಲ್ಲ!

ಹಬ್ಬದ ದಿನ ನಾನು ಮತ್ತು ಅಮ್ಮ ಹೊಳಲ್ಕೆರೆಗೆ ಹೋದೆವು. ಹೊಸದುರ್ಗದಿಂದ ಅವನ ಮಗಳು ಬಂದಿದ್ದಳು. ಅವಳು ಅಡುಗೆಮನೆಯ ಹೊರಗೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು, ಒಳಗೆ ಹೊಗೆ. ಚಿಕ್ಕಪ್ಪ ಯಾರನ್ನೂ ಒಲೆ ಮುಂದೆ ಬಿಟ್ಟಿರಲಿಲ್ಲ. ಜೀವಮಾನದಲ್ಲಿ ಒಂದು ಲೋಟ ಕಾಫಿ ಕಾಸಿಕೊಳ್ಳದವನು ಮುದ್ದೆ ತೊಳಸಿದ್ದ, ಅದು ಗಂಟುಗಂಟು. ಸಾರಿಗೆ ಉಪ್ಪು ಹಾಕಿದ್ದಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಅನ್ನ ತಳ ಹತ್ತಿತ್ತು. ಬೆರಳಿಗೆಲ್ಲ ಬೊಬ್ಬೆ.

“ಇದೇನೋ ಇದು, ಇದನ್ನ ಯಾರು ಉಣ್ತಾರೆ?” ಅಂತ ಅಮ್ಮ ರೇಗಿದಳು.

“ಏನಿಷ್ಟ ಅಂತ ಗೊತ್ತಾಗ್ಲಿಲ್ಲ ಅತ್ತಿಗೆ” ಅಂದ ಚಿಕ್ಕಪ್ಪ. “ಅವಳಿಗೆ ಅಂತ ಯಾರೂ ಯಾವತ್ತೂ ಅಡ್ಗೆ ಮಾಡಿರ್ಲಿಲ್ಲ. ಅದಕ್ಕೇ ನಾನು ಮಾಡ್ದೆ.”

ಅಮ್ಮ ಬಾಳೆ ಎಲೆ ತೊಳೆದು ತಂದುಕೊಟ್ಟಳು. ಒಂದೇ ಎಲೆ ಹಾಕಿ, ಮಣೆ ಇಟ್ಟು, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಬಿಸಿಬಿಸಿಯಾಗಿ ಬಡಿಸಿದ. ಕೈ ಮುಗಿದೆವು. ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗುಲಿಗೆ ಬಂದೆವು. ಅವನು ಬಾಗಿಲಿಗೇ ಬೆನ್ನು ಕೊಟ್ಟು ಕೂತ.

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಬೀದಿಯ ಬೇರೆ ಮನೆಗಳಲ್ಲಿ ಬಾಗಿಲು ತೆಗೆದು, ಉಂಡು, ಕೈ ತೊಳೆದ ಸದ್ದೂ ಕೇಳಿಸಿತು. ಒಂದೂವರೆ ಗಂಟೆ ಆಯಿತು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಬಿಸಿಲು ಜಗುಲಿಯ ಮೇಲಿಂದ ಇಳಿದು ಬೀದಿಗೆ ಹೋಗಿತ್ತು.

“ಚಿಕ್ಕಪ್ಪ, ಸಾಕು, ಬಾಗಿಲು ತಟ್ಟು” ಅಂದೆ.

“ಕುಂತ್ಕ.”

“ಎಲ್ಲಾ ತಣ್ಣಗಾಗಿರುತ್ತೆ.”

“ನಂದು ಆಗಿ, ಮಗಳ್ದು ಆಗಿ, ಬಂದೋರು ಹೋದೋರ್ದೆಲ್ಲ ಆಗಿ, ಆಮೇಲೆ ಒಲೆ ಹತ್ರ ನಿಂತ್ಕಂಡು ಎರಡು ನಿಮಿಷಕ್ಕೆ ಮುಗಿಸ್ತಿದ್ಲು” ಅಂದ ಚಿಕ್ಕಪ್ಪ. ಯಾರ ಮುಖವನ್ನೂ ನೋಡದೆ ಹೇಳಿದ. “ನಾನು ಕೈ ತೊಳ್ಕಂಡು ಬರೋದ್ರೊಳಗೆ ಅವಳ್ದು ಆಗಿರ್ತಿತ್ತು. ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲ ಅಂತಾರಲ್ಲ, ಹೆಂಗೆ ಗೊತ್ತಾಗ್ಬೇಕು ಹೇಳು. ನೋಡೋಷ್ಟು ಹೊತ್ತು ಅವಳು ಉಂಡೇ ಇಲ್ಲ. ಇವತ್ತು ಕುಂತ್ಕಂಡು ಉಣ್ಲಿ. ಅವಳ್ದಾದ್ಮೇಲೆ ನಮ್ದು.”

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮಮ್ಮ ಎಲ್ಲೋ ನೋಡುತ್ತಾ ಕೂತಳು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ.

ಆಗ ಒಳಗೆ ಒಂದು ಸಣ್ಣ ಸದ್ದಾಯಿತು. ಸ್ಟೀಲ್ ಲೋಟವನ್ನು ಎತ್ತಿ ನೆಲದ ಮೇಲೆ ಮತ್ತೆ ಇಟ್ಟ ಸದ್ದು. ಒಂದೇ ಸಲ. ನಾವು ಮೂವರೂ ಒಟ್ಟಿಗೆ ತಲೆ ಎತ್ತಿದೆವು. ಬೆಕ್ಕಿರಬೇಕು ಅಂತ ಹೇಳಲು ನಾನು ಬಾಯಿ ತೆರೆದೆ, ಆ ಮನೆಯಲ್ಲಿ ಬೆಕ್ಕನ್ನು ಯಾವತ್ತೂ ನೋಡಿಲ್ಲ ಅಂತ ನೆನಪಾಗಿ ಮುಚ್ಚಿಕೊಂಡೆ.

ಚಿಕ್ಕಪ್ಪ ಹಿಂದಕ್ಕೆ ತಿರುಗಲಿಲ್ಲ. ಬೊಬ್ಬೆ ಬಂದಿದ್ದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲಿಗೆ ತಲೆ ಆನಿಸಿ, ಒಳಗೆ ಕೇಳುವಷ್ಟೇ ದನಿಯಲ್ಲಿ ಹೇಳಿದ:

“ನಿಧಾನಕ್ಕೆ ಉಣ್ಣೇ. ಯಾರೂ ಕಾಯ್ತಿಲ್ಲ.”